ಚಳಿಯೇ ಬೇರೆ, ಹಿಮವೇ ಬೇರೆ

ಮಲೆ ಮಹದೇಶ್ವರ ಬೆಟ್ಟದ ಸೀಮೆಗೆ ಸೇರಿದ ಹೂಗ್ಯಂನಂತಹ ಊರುಗಳ ತರುಣರಿಗೂ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ಹೋಗುವುದು ಇಂದು ಎಟುಕದ ಮಾತಲ್ಲ. ಆ ದೇಶದ ಹಲವು ವಿಶ್ವವಿದ್ಯಾನಿಲಯಗಳು ಮಹಾ ಸರೋವರಗಳ ತೀರಪ್ರದೇಶದಲ್ಲಿವೆ. ಬಫಲೋ, ರಾಚೆಸ್ಟರ್, ಸಿರಕ್ಯೂಸ್, ಕ್ಲೀವ್‌ಲ್ಯಾಂಡ್ ಮೊದಲಾದ ಹೆಸರುಗಳು ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ಸಲೀಸಾಗಿ ಬರುತ್ತವೆ. ಹೊರಡುವವನನ್ನು ಮನೆಯವರು ಕೇಳುವ ಮೊದಲ ಪ್ರಶ್ನೆ, “ಅಲ್ಲಿ ಚಳಿ ಎಷ್ಟು?” ಎಂಬುದು. ಉಣ್ಣೆಯ ಬಟ್ಟೆಗಳ ಪಟ್ಟಿಯೊಡನೆ ಆ ಚರ್ಚೆ ಮುಗಿಯುತ್ತದೆ. ಈ ಪ್ರಶ್ನೆ ಸಹಜವಾದುದೇ. ಆದರೆ ಅದು ಸಾಲದು ಎಂಬುದು ನಮ್ಮ ಅಭಿಪ್ರಾಯ. ಸರೋವರದ ನಾಡಿಗೆ ಹೋಗುವವನು ಕೇಳಬೇಕಾದ ಪ್ರಶ್ನೆಗಳು ಬೇರೆ: ಊರು ನೀರಿನ ಯಾವ ದಿಕ್ಕಿಗಿದೆ? ಗಾಳಿ ಎತ್ತಣಿಂದ ಬೀಸುತ್ತದೆ? ನೀರು ಹೆಪ್ಪುಗಟ್ಟಿದೆಯೆ, ಇಲ್ಲವೆ?

ಚಳಿ ಹೆಚ್ಚಿದಂತೆಲ್ಲ ಹಿಮವೂ ಹೆಚ್ಚುತ್ತದೆಂದು ನಾವು ಭಾವಿಸುವುದುಂಟು. ಅದು ನಿಜವಲ್ಲ. ಸರೋವರಗಳಿಂದ ದೂರವಿರುವ ಮಿನಿಯಾಪೊಲಿಸ್ ನಗರದಲ್ಲಿ ಜನವರಿಯ ಸರಾಸರಿ ಉಷ್ಣಮಾನ ಸೊನ್ನೆಗಿಂತ ಸುಮಾರು 9 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಈರಿ ಸರೋವರದ ಪೂರ್ವದ ತುದಿಯಲ್ಲಿರುವ ಬಫಲೋದಲ್ಲಿ ಸುಮಾರು 4 ಡಿಗ್ರಿ ಮಾತ್ರ ಕೆಳಗೆ. ಆದರೆ ವರ್ಷಕ್ಕೆ ಬೀಳುವ ಹಿಮ ಮೊದಲನೆಯ ಊರಿನಲ್ಲಿ ಸುಮಾರು 130 ಸೆಂಟಿಮೀಟರ್, ಎರಡನೆಯದರಲ್ಲಿ ಸುಮಾರು 240. ಹೆಚ್ಚು ಬೆಚ್ಚಗಿರುವ ಊರಿಗೇ ಹೆಚ್ಚು ಹಿಮ! ಈ ವೈಚಿತ್ರ್ಯಕ್ಕೂ ಆ ಬೆಚ್ಚನೆಯ ಗುಣಕ್ಕೂ ಕಾರಣ ಒಂದೇ, ಅದು ಸರೋವರ.

ಬೇಸಗೆಯಲ್ಲಿ ಕಾದ ನೀರು ತನ್ನ ಉಷ್ಣವನ್ನು ಬೇಗ ಬಿಟ್ಟುಕೊಡುವುದಿಲ್ಲ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತ್ಯಧಿಕವಾದುದರಿಂದ, ಮೇಲೆ ತಣಿದ ನೀರು ಕೆಳಕ್ಕಿಳಿಯುತ್ತ, ಕೆಳಗಿನ ನೀರು ಮೇಲೇರುತ್ತ ಇರುತ್ತದೆ. ಹೀಗೆ ಮೇಲಿನಿಂದ ತಳದವರೆಗಿನ ನೀರೆಲ್ಲ 4 ಡಿಗ್ರಿಗೆ ಬರುವ ತನಕ ಮೇಲ್ಮೈ ಹೆಪ್ಪುಗಟ್ಟುವಂತಿಲ್ಲ. ಆದಕಾರಣ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಕೆನಡಾದ ಕಡೆಯಿಂದ ಬರುವ ಕೊರೆಯುವ ಒಣಗಾಳಿ, ತನಗಿಂತ ಬಹಳ ಬೆಚ್ಚಗಿರುವ ನೀರಿನ ಮೇಲೆ ಹಾಯುತ್ತದೆ. ನೀರು ಕೆಳಗಿನಿಂದ ಆ ಗಾಳಿಯನ್ನು ಕಾಯಿಸುತ್ತದೆ, ಆವಿಯನ್ನೂ ತುಂಬುತ್ತದೆ. ಕಾದ ಗಾಳಿ ಮೇಲೇರಿ ತಣಿದು, ಹೊತ್ತ ಆವಿಯನ್ನು ಹಿಮವಾಗಿ ಇಳಿಸುತ್ತದೆ.

ಇದರಲ್ಲಿ ಒಂದು ಸರಳವಾದ ಲೆಕ್ಕವೂ ಅಡಗಿದೆ. ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗಿಂತ ಸರೋವರದ ಮೇಲ್ಮೈ 13 ಡಿಗ್ರಿಯಾದರೂ ಹೆಚ್ಚು ಬೆಚ್ಚಗಿದ್ದರೆ ಇಂತಹ ಹಿಮಪಾತವನ್ನು ನಿರೀಕ್ಷಿಸಬಹುದೆಂದು ಹವಾಮಾನಶಾಸ್ತ್ರಜ್ಞರು ಹೇಳುತ್ತಾರೆ. ಈ 13 ಎಲ್ಲಿಂದ ಬಂದಿತು? ಮೇಲೇರುವ ಒಣಗಾಳಿ ಹಿಗ್ಗುವುದರಿಂದ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ತಣಿಯುತ್ತದೆ. ಈರಿ ಸರೋವರದ ಮೇಲ್ಮೈಯೇ ಸಮುದ್ರಮಟ್ಟದಿಂದ 174 ಮೀಟರ್ ಮೇಲಿರುವುದರಿಂದ, ಗಾಳಿ ಏರಬೇಕಾದ ಎತ್ತರ ಸುಮಾರು 1.3 ಕಿಲೋಮೀಟರ್. ಗುಣಿಸಿ ನೋಡಿದರೆ ಹೆಚ್ಚು ಕಡಿಮೆ 13 ದೊರೆಯುತ್ತದೆ. ಇದಕ್ಕಿಂತ ಹೆಚ್ಚಿನ ಅಂತರವಿದ್ದಾಗ, ಏರಿದ ಗಾಳಿ ಸುತ್ತಲಿನ ಗಾಳಿಗಿಂತ ಬೆಚ್ಚಗೂ ಹಗುರವಾಗಿಯೂ ಉಳಿದು ಇನ್ನೂ ಮೇಲಕ್ಕೇ ಸಾಗುತ್ತದೆ. ಅಲ್ಲದೆ ಒಂದು ಗ್ರಾಂ ಆವಿ ಹಿಮವಾಗುವಾಗ ಸುಮಾರು 680 ಕ್ಯಾಲೊರಿಗಳಷ್ಟು ಗುಪ್ತೋಷ್ಣ ಹೊರಬಿದ್ದು ಆ ಏರಿಕೆಗೆ ಇಂಬುಗೊಡುತ್ತದೆ. ಪರೀಕ್ಷೆಗೆಂದು ನಮ್ಮ ವಿದ್ಯಾರ್ಥಿಗಳು ಉರುಹೊಡೆಯುವ ಸಂಖ್ಯೆಗಳೇ ಅಲ್ಲಿ ಬೀದಿಗಳನ್ನು ಹೂಳುತ್ತವೆ.

ಇದು ನಮಗೆ ತೀರ ಅಪರಿಚಿತವಾದ ವ್ಯಾಪಾರವೂ ಅಲ್ಲ. ಹೂಗ್ಯಂನ ರೈತನು ಚಿತ್ತೆ, ಸ್ವಾತಿ ಮಳೆಗಳಿಗಾಗಿ ಮೂಡಲ ದಿಕ್ಕನ್ನು ನೋಡುತ್ತಾನೆ. ಆ ಕಾಲದ ಈಶಾನ್ಯದ ಗಾಳಿ ಬಂಗಾಳ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಹಾಯ್ದು ತೇವವನ್ನು ಹೀರಿ ಬರುತ್ತದೆ. ಕೊಲ್ಲಿ ಹಿರಿದು, ಸರೋವರ ಕಿರಿದು. ಇಲ್ಲಿ ಸುಳಿಗಾಳಿಗಳ ಪಾತ್ರವೂ ಉಂಟು. ಆದುದರಿಂದ ಹೋಲಿಕೆ ಪೂರ್ಣವಲ್ಲ. ಆದರೂ ನೀರಿನ ಆಚೆಯ ದಡ ಒಣಗಿರುವಾಗ ಈಚೆಯ ದಡ ತೋಯುವುದು ಏಕೆಂಬುದನ್ನು ಇದರಿಂದ ತಿಳಿಯಬಹುದು. ಒಂಟಾರಿಯೋ ಸರೋವರದ ವಾಯವ್ಯದ ದಡದಲ್ಲಿರುವ ಟೊರಾಂಟೊಗೆ ವರ್ಷಕ್ಕೆ ಬೀಳುವ ಹಿಮ ಸುಮಾರು 120 ಸೆಂಟಿಮೀಟರ್. ಅದೇ ಸರೋವರದ ಆಗ್ನೇಯಕ್ಕಿರುವ ಸಿರಕ್ಯೂಸ್‌ಗೆ ಸುಮಾರು 3 ಮೀಟರ್.

ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯದ ಮಳೆಯ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳುತ್ತೇವೆ. ಸರೋವರದ ಹಿಮವೂ ಅಂತಹುದೇ. ಅದು ಕೆಲವೇ ಮೈಲಿಗಳಷ್ಟು ಅಗಲದ ಪಟ್ಟಿಗಳಾಗಿ ಸುರಿಯುತ್ತದೆ. 2014ರ ನವೆಂಬರಿನಲ್ಲಿ ಬಫಲೋದ ದಕ್ಷಿಣದ ಉಪನಗರಗಳಲ್ಲಿ 5 ಅಡಿಗೂ ಮೀರಿ ಹಿಮ ಬಿದ್ದಾಗ, ಉತ್ತರದ ಬಡಾವಣೆಗಳಲ್ಲಿ ಬಿದ್ದುದು ಕೆಲವೇ ಅಂಗುಲ. ಊರಿನ ಹೆಸರನ್ನು ಮಾತ್ರ ತಿಳಿದು ಹವೆಯನ್ನು ಊಹಿಸುವವನು ಇಲ್ಲಿ ಮೋಸಹೋಗುತ್ತಾನೆ.

ಹಾಗಾದರೆ ಹೊಸಬನು ಏನನ್ನು ನಿರೀಕ್ಷಿಸಬೇಕು? ಶರತ್ಕಾಲ ತಡವಾಗಿ ಮುಗಿಯುತ್ತದೆ. ನವೆಂಬರಿನಿಂದ ವಾರಗಟ್ಟಲೆ ಬೂದುಬಣ್ಣದ ಆಕಾಶ. ಡಿಸೆಂಬರಿನಲ್ಲಿ ಹಗಲು ಕೇವಲ 9 ಗಂಟೆ. ಹನ್ನೊಂದು ಗಂಟೆಗಿಂತ ಕಡಿಮೆ ಹಗಲನ್ನೇ ಕಾಣದ ನಮ್ಮವರಿಗೆ ಹಿಮಕ್ಕಿಂತಲೂ ಈ ಮಬ್ಬು ಹೆಚ್ಚು ಭಾರವೆನಿಸಬಹುದು. ಸರಾಸರಿ 19 ಮೀಟರ್ ಆಳದ ಈರಿ ಸರೋವರ ಹೆಪ್ಪುಗಟ್ಟಿದರೆ, ಆ ಮುಚ್ಚಳದ ಕೆಳಗಿನಿಂದ ಆವಿ ಏಳಲಾರದೆ ಹಿಮಪಾತ ತಗ್ಗುತ್ತದೆ. ಸರಾಸರಿ 86 ಮೀಟರ್ ಆಳದ ಒಂಟಾರಿಯೋ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ, ಅಲ್ಲಿ ಹಿಮ ಮುಂದುವರಿಯುತ್ತದೆ. ಭೂಮಿ ಬಿಸಿಯಾಗುತ್ತಿರುವಂತೆ ಈ ಸರೋವರಗಳ ಮಂಜುಗಡ್ಡೆಯೂ ಇಳಿಮುಖವಾಗಿದೆ. ತೆರೆದ ನೀರು ಹೆಚ್ಚಿದಷ್ಟೂ ಹಿಮಕ್ಕೆ ಅವಕಾಶ ಹೆಚ್ಚು. ವಸಂತ ನಿಧಾನವಾಗಿ ಬರುತ್ತದೆ. ತಣ್ಣನೆಯ ನೀರು ಗಿಡಗಳ ಚಿಗುರನ್ನು ತಡೆದು, ಕಡೆಯ ಮಂಜಿನ ಹೊಡೆತದಿಂದ ಅವನ್ನು ಕಾಯುತ್ತದೆ. ಈರಿಯ ದಕ್ಷಿಣ ತೀರದ ದ್ರಾಕ್ಷಿ ತೋಟಗಳು ಆ ಉಪಕಾರದ ಫಲ.

“ಇಷ್ಟೆಲ್ಲ ಏಕೆ? ಮುನ್ಸೂಚನೆ ಕೈಯಲ್ಲಿರುವ ಫೋನಿನಲ್ಲೇ ಬರುತ್ತದಲ್ಲ?” ಎಂದು ಕೆಲವರು ಕೇಳಬಹುದು. 2022ರ ಡಿಸೆಂಬರಿನಲ್ಲಿ ಬಫಲೋವನ್ನು ಹೊಡೆದ ಹಿಮಮಾರುತದ ಮುನ್ಸೂಚನೆ ದಿನಗಳ ಮುಂಚೆಯೇ ಹೊರಬಿದ್ದಿತ್ತು. ಆದರೂ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆಲವರು ಬೀದಿಯಲ್ಲಿ, ಕೆಲವರು ತಮ್ಮ ವಾಹನಗಳಲ್ಲಿ, ಕೆಲವರು ಉಷ್ಣವಿಲ್ಲದ ಮನೆಗಳಲ್ಲಿ. ತಮಗೆ ನೆರವಾಗಲು ಯಾರೂ ಬರಲಾಗದ ಸ್ಥಿತಿಯಲ್ಲಿ ಸತ್ತವರೂ ಇದ್ದರು. ಅವರೆಲ್ಲ ಅಜ್ಞಾನದಿಂದ ಸತ್ತರೆಂದು ಹೇಳುವುದು ಅನ್ಯಾಯ. ಹಿಮವನ್ನು ಬಲ್ಲವರ ಊರಿನಲ್ಲೇ ಹೀಗಾದ ಮೇಲೆ, ಅದನ್ನು ಎಂದೂ ಕಾಣದ ನಮ್ಮ ಹುಡುಗನಿಗೆ ಫೋನಿನ ಎಚ್ಚರಿಕೆಯೊಂದೇ ಸಾಕೆ ಎಂಬುದು ನಮ್ಮ ಪ್ರಶ್ನೆ. ಮುನ್ಸೂಚನೆ ಅಕ್ಷರ; ಅದರ ಅರ್ಥ ತಿಳಿಯಲು ವಿಜ್ಞಾನ ಬೇಕು.

ಹಿಮದಲ್ಲಿ ಸಿಕ್ಕಿದ ಕಾರಿನ ಹೊಗೆಕೊಳವೆ ಮುಚ್ಚಿಹೋಗಿರುವಾಗ ಬೆಚ್ಚಗಿರಲೆಂದು ಎಂಜಿನ್ ನಡೆಸಿದರೆ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳನುಗ್ಗಿ ಕೊಲ್ಲಬಲ್ಲುದು. ಬೀಸುವ ಗಾಳಿ ನಮ್ಮ ದೇಹವನ್ನು ತನ್ನ ಉಷ್ಣಮಾನಕ್ಕಿಂತ ಕೆಳಕ್ಕೆ ಇಳಿಸಲಾರದು. ಆದರೆ ಮೈಗಂಟಿದ ಬೆಚ್ಚನೆಯ ಗಾಳಿಯ ಪದರವನ್ನು ಕಿತ್ತೊಯ್ದು ಉಷ್ಣವನ್ನು ಬಹುಬೇಗ ಸೂರೆಮಾಡುತ್ತದೆ. ಒದ್ದೆ ಬಟ್ಟೆಯ ನೀರು ಆವಿಯಾಗಲು ಬೇಕಾದ ಉಷ್ಣವೂ ಮೈಯಿಂದಲೇ ಹೋಗುತ್ತದೆ. ಇವನ್ನು ತಿಳಿದವನು “ಹತ್ತೇ ನಿಮಿಷದ ದಾರಿ” ಎಂದು ಹಿಮಗಾಳಿಗೆ ಇಳಿಯುವುದಿಲ್ಲ. ಮನೆಯಲ್ಲಿ ಆಹಾರ, ನೀರು, ಕಂಬಳಿಗಳನ್ನು ಇಟ್ಟುಕೊಂಡು ಅದು ಹಾಯ್ದುಹೋಗುವ ತನಕ ಕಾಯುತ್ತಾನೆ.

ಗುಪ್ತೋಷ್ಣ, ಸಾಂದ್ರತೆ, ಸಂವಹನ ಇವೆಲ್ಲ ನಮ್ಮ ಶಾಲಾ ಕಾಲೇಜುಗಳ ಪಾಠಗಳಲ್ಲಿವೆ. ಬೀಕರಿನಲ್ಲಿ ಕರಗುವ ಮಂಜುಗಡ್ಡೆಯೊಂದಿಗೆ ಆ ಪಾಠ ಮುಗಿಯಬಾರದು. ಸ್ವಾತಿ ಮಳೆಯಿಂದ ಹಿಡಿದು ಈರಿಯ ಹಿಮದವರೆಗೆ ಅದು ಸಾಗಬೇಕು. ಅಂತಹ ಪಾಠವನ್ನು ಕೇಳಿದ ವಿದ್ಯಾರ್ಥಿ ಊರಲ್ಲೇ ಉಳಿದರೆ ತನ್ನ ಆಕಾಶವನ್ನು ಚೆನ್ನಾಗಿ ಓದಿಯಾನು; ದೂರ ಹೋದರೆ ಆ ಓದು ಅವನ ಪ್ರಾಣವನ್ನೇ ಉಳಿಸೀತು. ಉಣ್ಣೆಯ ಅಂಗಿಯನ್ನು ಅಲ್ಲಿಯ ಅಂಗಡಿಯಲ್ಲೂ ಕೊಳ್ಳಬಹುದು. ಈ ತಿಳಿವಳಿಕೆಯನ್ನು ಮಾತ್ರ ಇಲ್ಲಿಂದಲೇ ಕಟ್ಟಿ ಕಳುಹಿಸಬೇಕು.