ಕ್ಷಮೆಗೆ ಅಂಕ ಕೊಡಲಾದೀತೆ?

ಕೋಪವನ್ನು ತಡೆದುಕೊಳ್ಳುವುದು, ಜೊತೆಯವರ ನೋವನ್ನು ಅರಿಯುವುದು, ಜಗಳವನ್ನು ಕೈಯಿಂದಲ್ಲದೆ ಮಾತಿನಿಂದ ಬಗೆಹರಿಸಿಕೊಳ್ಳುವುದು — ಇವುಗಳನ್ನು ಗಣಿತ, ವಿಜ್ಞಾನಗಳಂತೆಯೇ ತರಗತಿಯಲ್ಲಿ ಕಲಿಸಬೇಕೆಂಬ ವಿಚಾರ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿಯೇ ಹತ್ತು ಜೀವನ ಕೌಶಲಗಳನ್ನು ಗುರುತಿಸಿ, ಆತ್ಮಾವಲೋಕನ, ಸಹಾನುಭೂತಿ, ಭಾವನೆಗಳ ನಿಯಂತ್ರಣ ಇವುಗಳನ್ನು ಅದರಲ್ಲಿ ಸೇರಿಸಿತು. ದೆಹಲಿ ಸರ್ಕಾರವು 2018ರಲ್ಲಿ ತನ್ನ ಶಾಲೆಗಳ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ ‘ಸಂತೋಷ ಪಠ್ಯಕ್ರಮ’ವನ್ನು ಆರಂಭಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಿಕ್ಷಣವು ಬುದ್ಧಿಯನ್ನು ಮಾತ್ರವಲ್ಲದೆ ಸಾಮಾಜಿಕ ಹಾಗೂ ಭಾವನಾತ್ಮಕ ಸಾಮರ್ಥ್ಯಗಳನ್ನೂ ಬೆಳೆಸಬೇಕೆಂದು ಹೇಳಿದೆ.

ಇಷ್ಟಾದರೂ ಜೈನ ಸಮಾಜದ ಟ್ರಸ್ಟುಗಳು ನಡೆಸುವ ಶಾಲೆಗಳಲ್ಲಿ ಈ ವಿಷಯ ಎರಡು ತಪ್ಪು ಅಭಿಪ್ರಾಯಗಳ ನಡುವೆ ಸಿಲುಕಿದೆ. ಇದೆಲ್ಲ ಪರದೇಶದ ಸರಕು. ಬಸದಿಯ ಪಾಠಶಾಲೆ ಇರುವಾಗ ಇದರ ಅಗತ್ಯವೇನು ಎಂಬುದು ಒಂದು. ಒಂದು ಪುಸ್ತಕ ಕೊಂಡು, ವಾರಕ್ಕೊಂದು ಅವಧಿ ಇಟ್ಟು, ವರ್ಷಾಂತ್ಯಕ್ಕೆ ಪರೀಕ್ಷೆ ನಡೆಸಿ ಪ್ರಶಸ್ತಿಪತ್ರ ಹಂಚಿದರೆ ಕರ್ತವ್ಯ ಮುಗಿಯಿತು ಎಂಬುದು ಇನ್ನೊಂದು. ಎರಡೂ ಖಂಡನೀಯ.

ಮೊದಲನೆಯದನ್ನು ನೋಡೋಣ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಜೈನರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಹೀಗಿರುವಾಗ ಸಮಾಜದ ಅನೇಕ ಶಾಲೆಗಳಲ್ಲಿ ಕಲಿಯುವವರಲ್ಲಿ ಅನ್ಯ ಮತೀಯರ ಮನೆಗಳ ಮಕ್ಕಳೇ ಹೆಚ್ಚು. ಅವರು ಬಸದಿಯ ಪಾಠಶಾಲೆಗೆ ಬರುವವರಲ್ಲ. ಬರುವ ಮಕ್ಕಳಾದರೂ ಅಲ್ಲಿ ಕಲಿಯುವುದು ಬಹುಮಟ್ಟಿಗೆ ಸ್ತೋತ್ರಗಳನ್ನು, ತೀರ್ಥಂಕರರ ಹೆಸರು ಲಾಂಛನಗಳನ್ನು. ಇವು ಬೇಡವೆಂದಲ್ಲ. ಆದರೆ ದಶಧರ್ಮಗಳ ಹೆಸರನ್ನು ತಡವರಿಸದೆ ಒಪ್ಪಿಸುವ ಬಾಲಕ, ಅರ್ಧ ಗಂಟೆಯ ಬಳಿಕ ಆಟದ ಬಯಲಿನಲ್ಲಿ ಕುಂಟುವ ಸಹಪಾಠಿಯನ್ನು ಅಣಕಿಸಿದರೆ, ಅವನಿಗೆ ಶಬ್ದ ತಿಳಿದಿದೆಯೇ ಹೊರತು ಧರ್ಮ ತಿಳಿದಿಲ್ಲ. ಚಾರಿತ್ರ ಸೇರದ ಜ್ಞಾನವು ರತ್ನತ್ರಯವನ್ನು ಪೂರ್ಣಗೊಳಿಸದೆಂಬುದು ಶ್ರಾವಕರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನು ಇದು ಪರದೇಶದ ಸರಕೆಂಬ ಆಕ್ಷೇಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ನಾಲ್ಕು ಭಾವನೆಗಳನ್ನು ಹೇಳಿದ್ದಾರೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ನೊಂದವರಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ. ತರಗತಿಗೆ ಇದಕ್ಕಿಂತ ಉತ್ತಮ ಪಠ್ಯಕ್ರಮ ಯಾವುದು? ಪಕ್ಕದ ಹುಡುಗಿಗೆ ಪ್ರಥಮ ಸ್ಥಾನ ಬಂದಾಗ ಅಸೂಯೆಪಡದೆ ಸಂತೋಷಿಸುವುದು ಪ್ರಮೋದ. ಕೆಣಕುವವನಿಗೆ ಮರುಹೊಡೆತ ಕೊಡದೆ, ಅವನನ್ನು ದ್ವೇಷಿಸದೆ ಸರಿದು ನಿಲ್ಲುವುದು ಮಾಧ್ಯಸ್ಥ್ಯ. ಭಾವನೆಯೆಂದರೆ ಇಲ್ಲಿ ಮನಸ್ಸಿನಲ್ಲಿ ಹುಟ್ಟಿ ಅಡಗುವ ಅಲೆಯಲ್ಲ. ಮತ್ತೆ ಮತ್ತೆ ಚಿಂತಿಸಿ ಗಟ್ಟಿಮಾಡಿಕೊಳ್ಳುವ ಅಭ್ಯಾಸ. ಇವು ಹುಟ್ಟುಗುಣಗಳಲ್ಲ, ಕಲಿಯಬೇಕಾದವು ಎಂದು ಆಚಾರ್ಯರೇ ಹೇಳಿರುವಾಗ, ಕಲಿಸುವ ಅಗತ್ಯವಿಲ್ಲವೆಂದು ವಾದಿಸುವುದು ಪರಂಪರೆಯ ಅಭಿಮಾನವಲ್ಲ, ಪರಂಪರೆಯ ಅಜ್ಞಾನ.

ಎರಡನೆಯ ಅಭಿಪ್ರಾಯ ಇನ್ನೂ ಅಪಾಯಕಾರಿ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2009ರಲ್ಲಿ ನಿರಂತರ ಹಾಗೂ ವ್ಯಾಪಕ ಮೌಲ್ಯಮಾಪನವನ್ನು ಜಾರಿಗೆ ತಂದು, ಒಂಬತ್ತು ಹತ್ತನೆಯ ತರಗತಿಯ ಮಕ್ಕಳ ಸಾಮಾಜಿಕ ಹಾಗೂ ಭಾವನಾತ್ಮಕ ಕೌಶಲಗಳಿಗೂ ಶ್ರೇಣಿ ಕೊಡಿಸಿತು. 2017ರಲ್ಲಿ ಆ ಪದ್ಧತಿ ಕೊನೆಗೊಂಡಿತು. ಐವತ್ತು ಮಕ್ಕಳ ತರಗತಿಯಲ್ಲಿ ಯಾರ ಅಂತರಂಗಕ್ಕೆ ಯಾವ ಶ್ರೇಣಿ ಎಂದು ಶಿಕ್ಷಕನು ಬರೆಯುವುದಾದರೂ ಹೇಗೆ? ಅವನು ಕಾಣುವುದು ನಡತೆಯ ಹೊರಮೈಯನ್ನು. ಅದಕ್ಕೆ ಅಂಕವಿದೆಯೆಂದು ತಿಳಿದೊಡನೆ ಜಾಣ ಮಗು ಹೊರಮೈಯನ್ನೇ ತಿದ್ದಿಕೊಳ್ಳುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ತಗ್ಗಿಸಲು ಹೊರಟ ಪಾಠವೇ ಅವುಗಳನ್ನು ಬೆಳೆಸಿದಂತಾಗುತ್ತದೆ. ಅಂಕಕ್ಕಾಗಿ ತೋರಿದ ಕ್ಷಮೆ ಮಾಯೆ. ‘ವಿನಯಶೀಲ ವಿದ್ಯಾರ್ಥಿ’ ಎಂದು ವೇದಿಕೆಯಲ್ಲಿ ಪಡೆದ ಫಲಕದಿಂದ ಹುಟ್ಟುವುದು ಮಾನ.

ಮೌಲ್ಯಮಾಪನವಿಲ್ಲದಿದ್ದರೆ ಯಾರೂ ಗಂಭೀರವಾಗಿ ಸ್ವೀಕರಿಸುವುದಿಲ್ಲ ಎಂಬ ಆಡಳಿತ ಮಂಡಳಿಗಳ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಅಳೆಯಬೇಕಾದದ್ದು ಮಗುವಿನ ಮನಸ್ಸನ್ನಲ್ಲ, ಶಾಲೆಯ ನಡವಳಿಕೆಯನ್ನು. ಮಗುವಿಗೆ ಬೇಕಾದದ್ದು ಪ್ರತಿಕ್ರಮಣದಂತಹ ಆತ್ಮಪರೀಕ್ಷೆ; ಅದನ್ನು ಯಾರೂ ಪ್ರಗತಿಪತ್ರದಲ್ಲಿ ಮುದ್ರಿಸುವುದಿಲ್ಲ.

ಈ ವಿಷಯದಲ್ಲಿ ನಡೆದ ಸಂಶೋಧನೆಯೂ ಆತುರಕ್ಕೆ ಎಚ್ಚರಿಕೆ ಕೊಡುತ್ತದೆ. 2011ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 213 ಶಾಲಾ ಕಾರ್ಯಕ್ರಮಗಳನ್ನೂ 2,70,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಒಳಗೊಂಡಿತ್ತು. ಮಕ್ಕಳ ನಡತೆ ಮಾತ್ರವಲ್ಲದೆ ವಿದ್ಯಾಭ್ಯಾಸವೂ ಸುಧಾರಿಸಿತೆಂದೂ, ತರಗತಿಯ ಶಿಕ್ಷಕರೇ ಇದನ್ನು ಯಶಸ್ವಿಯಾಗಿ ಕಲಿಸಬಲ್ಲರೆಂದೂ, ಅನುಷ್ಠಾನ ಕೆಟ್ಟಲ್ಲಿ ಫಲ ಕುಗ್ಗಿತೆಂದೂ ಅದು ತಿಳಿಸಿತು. ತರಗತಿಯಲ್ಲಿ ಧ್ಯಾನಾಭ್ಯಾಸ ಕಲಿಸುವ ಬಗ್ಗೆ ಬ್ರಿಟನ್ನಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು ನಡೆಸಿದ ಪ್ರಯೋಗದ ವರದಿ 2022ರಲ್ಲಿ ಬಂದಾಗ, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಹೆಚ್ಚಿನ ಮಕ್ಕಳು ತರಗತಿಯ ಹೊರಗೆ ಅಭ್ಯಾಸವನ್ನೇ ಮಾಡಿರಲಿಲ್ಲ. ಪುಸ್ತಕ ಕೊಂಡ ಮಾತ್ರಕ್ಕೆ ಗುಣ ಬರುವುದಿಲ್ಲ.

ಗುಣ ಬರುವುದು ಹಿರಿಯರನ್ನು ನೋಡಿ. ಮಕ್ಕಳಿಗೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ನಿಷೇಧಿಸಿದೆ. ಅಹಿಂಸೆಯನ್ನು ಪರಮಧರ್ಮವೆಂದು ಗೋಡೆಯ ಮೇಲೆ ಬರೆಸಿದ ಶಾಲೆಗೆ ಕಾಯಿದೆಯ ಭಯ ಬೇಕಾಗಬಾರದು. ಆದರೂ ತೀರ್ಥಂಕರರ ಹೆಸರು ಹೊತ್ತ ಶಾಲೆಯೊಂದರಲ್ಲಿ, ಶುಲ್ಕ ಬಾಕಿಯಿರುವ ಮಗುವನ್ನು ತರಗತಿಯ ಹೊರಗೆ ನಿಲ್ಲಿಸಿದರೆ, ಆ ದಿನದ ಕಾರುಣ್ಯದ ಪಾಠವನ್ನು ಆ ಮಗು ಹೊರಗೆ ನಿಂತೇ ಕಲಿಯುತ್ತದೆ. ಒಳಗಿರುವ ನಲವತ್ತು ಮಕ್ಕಳು ಬೇರೊಂದು ಪಾಠವನ್ನು ಕಲಿಯುತ್ತಾರೆ. ಸಭೆಯಲ್ಲಿ ಪರಸ್ಪರ ಏಕವಚನದಲ್ಲಿ ನಿಂದಿಸಿಕೊಂಡ ಪದಾಧಿಕಾರಿಗಳು ಮರುದಿನ ಅನೇಕಾಂತವಾದದ ಕುರಿತು ಭಾಷಣ ಮಾಡಿದರೆ ಮಕ್ಕಳು ನಂಬುವುದು ಯಾವುದನ್ನು?

ಮಾಡಬೇಕಾದದ್ದು ಬಹಳವೇನಿಲ್ಲ. ಸದ್ಗುಣಕ್ಕೆ ಅಂಕ, ಬಹುಮಾನಗಳನ್ನು ನಿಲ್ಲಿಸಬೇಕು. ಶುಲ್ಕದ ಮಾತನ್ನು ತಂದೆತಾಯಿಯರೊಡನೆ ಮಾತ್ರ, ಏಕಾಂತದಲ್ಲಿ ಆಡಬೇಕು. ಪಂಚಕಲ್ಯಾಣ ಮಹೋತ್ಸವದ ಚಪ್ಪರಕ್ಕೆ, ಮೆರವಣಿಗೆಗೆ ತಗಲುವ ವೆಚ್ಚದ ಒಂದಂಶವನ್ನಾದರೂ ಶಿಕ್ಷಕರ ತರಬೇತಿಗೆ ತೆಗೆದಿಡಬೇಕು. ಇಬ್ಬರು ಮಕ್ಕಳು ಜಗಳವಾಡಿದಾಗ, ಒಬ್ಬನು ತನ್ನ ವಾದವನ್ನು ಹೇಳುವ ಮುನ್ನ ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಬೇಕೆಂಬ ನಿಯಮ ಮಾಡಬೇಕು. ಅನೇಕಾಂತವನ್ನು ಎಳೆಯ ಮನಸ್ಸಿಗೆ ಮುಟ್ಟಿಸಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಇದಾವುದೂ ಮತಬೋಧೆಯಾಗದಂತೆಯೂ ನೋಡಿಕೊಳ್ಳಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಮೈತ್ರಿಗೂ ಕಾರುಣ್ಯಕ್ಕೂ ಮತದ ಮುದ್ರೆ ಬೇಕಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ಮಕ್ಕಳು ಸಾಲಾಗಿ ನಿಂತು ಹಿರಿಯರ ಕ್ಷಮೆ ಬೇಡುವುದು ಶಾಲೆಗಳಲ್ಲಿ ನಡೆದು ಬಂದಿದೆ. ಈ ವರ್ಷ ಕ್ರಮ ಬದಲಾಗಲಿ. ಕಾರಣವಿಲ್ಲದೆ ಗದರಿಸಿದ ಶಿಕ್ಷಕರು, ಶುಲ್ಕಕ್ಕಾಗಿ ಹೊರಗೆ ನಿಲ್ಲಿಸಿದ ಆಡಳಿತಗಾರರು ಮೊದಲು ಆ ಮಗುವಿನ ಮುಂದೆ ಕೈಮುಗಿಯಲಿ. ಆ ಒಂದು ಗಳಿಗೆಯಲ್ಲಿ ಮಗು ಕಲಿಯುವುದನ್ನು ಯಾವ ಪುಸ್ತಕವೂ ಕಲಿಸಲಾರದು. ಅದಕ್ಕೆ ಸಿದ್ಧವಿಲ್ಲದ ಟ್ರಸ್ಟು ತನ್ನ ವೇಳಾಪಟ್ಟಿಯಿಂದ ನೀತಿಪಾಠದ ಅವಧಿಯನ್ನು ತೆಗೆದುಹಾಕುವುದೇ ಪ್ರಾಮಾಣಿಕತೆ.