ಗಾಯನವೂ ಕಾಯಕವೇ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಸದ್ಭಕ್ತರೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗಳು ಅಲ್ಲಿಯ ಕಮ್ಯುನಿಟಿ ಕಾಲೇಜಿನಲ್ಲಿ ವಾಣಿಜ್ಯ ಸಂಗೀತವನ್ನು ಅಭ್ಯಸಿಸಬಯಸಿದ್ದಾಳೆ. ಲಿಂಗವಂತರ ಮನೆಯ ಮಗಳು ಹಾಡನ್ನು ಮಾರಿ ಬದುಕಬಹುದೇ ಎಂಬುದು ಅವರ ಶಂಕೆ.

ಮೊದಲು ಆ ವಿದ್ಯೆಯ ಸ್ವರೂಪವನ್ನು ಅರಿಯೋಣ. ಆ ರಾಜ್ಯದಲ್ಲಿ ಇಂತಹ 116 ಸಾರ್ವಜನಿಕ ಕಾಲೇಜುಗಳಿವೆ. ಇಲ್ಲಿ ಎರಡು ವರ್ಷ ಓದಿ, ಮುಂದೆ ವಿಶ್ವವಿದ್ಯಾಲಯವನ್ನು ಸೇರಲೂಬಹುದು. ಸ್ಯಾಕ್ರಮೆಂಟೊದ ಅಮೆರಿಕನ್ ರಿವರ್ ಕಾಲೇಜಿನಂತಹ ಕೆಲವೆಡೆ ವಾಣಿಜ್ಯ ಸಂಗೀತಕ್ಕೆಂದೇ ಪಠ್ಯಕ್ರಮವುಂಟು. ಇಂತಹ ವ್ಯಾಸಂಗದಲ್ಲಿ ಸ್ವರಲಿಪಿ, ಗೀತರಚನೆ, ಧ್ವನಿಮುದ್ರಣಗಳೊಡನೆ ಕೃತಿಸ್ವಾಮ್ಯ, ಕರಾರುಪತ್ರಗಳ ತಿಳಿವಳಿಕೆಯೂ ಸೇರಿರುತ್ತದೆ. ಕಲಾವಿದನು ಮೋಸಹೋಗದಿರಲು ಇದು ಅವಶ್ಯವೇ ಸರಿ.

ಇನ್ನು ಶಂಕೆಯ ಮಾತು. ಢಕ್ಕೆಯನ್ನು ನುಡಿಸಿ ಬದುಕಿದ ಬೊಮ್ಮಣ್ಣನೂ, ವೇಷ ಕಟ್ಟಿ ಬದುಕಿದ ಬಹುರೂಪಿ ಚೌಡಯ್ಯನೂ 12ನೆಯ ಶತಮಾನದ ಶರಣರೇ. ಅವರ ವೃತ್ತಿಯನ್ನು ಯಾರೂ ಹೀನವೆನ್ನಲಿಲ್ಲ, ಅದು ಕಾಯಕವೆನಿಸಿತು. ಗದುಗಿನ ಪುಟ್ಟರಾಜ ಗವಾಯಿಗಳು (1914–2010) ನಾಟಕ ಕಂಪನಿಯನ್ನೇ ನಡೆಸಿ, ಅದರ ಗಳಿಕೆಯನ್ನು ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಪೋಷಣೆಗೆ ವಿನಿಯೋಗಿಸಿದರು. ಜನಪ್ರಿಯವಾದುದೆಲ್ಲ ಕೀಳಲ್ಲ, ಹಣ ತಂದುದೆಲ್ಲ ಅಪವಿತ್ರವೂ ಅಲ್ಲ.

ಆದರೆ ಕಾಯಕಕ್ಕೆ ಕಟ್ಟಳೆಯುಂಟು. ಪರರ ಕೃತಿಯನ್ನು ಕದಿಯಬಾರದು. ಕೇಳುವವರ ಮನಸ್ಸನ್ನು ಕೆಡಿಸುವ ಪದವನ್ನು ಹಣಕ್ಕಾಗಿ ಹಾಡಬಾರದು. ಗಳಿಕೆಯಲ್ಲಿ ದಾಸೋಹದ ಪಾಲನ್ನು ಮರೆಯಬಾರದು. ಈ ಮೂರನ್ನು ಮಗಳಿಗೆ ತಿಳಿಹೇಳಿ, ತಂದೆತಾಯಿಗಳು ನಿಶ್ಚಿಂತೆಯಿಂದ ಅವಳನ್ನು ಹರಸಿ ಕಳುಹಿಸಲಿ.