ಸರ್ವರಿಗೂ ಮಡಿ!

‘ಶುದ್ಧ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ನಮ್ಮತ್ತೆಯವರ ಅಡಿಗೆಮನೆ ನೆನಪಾಗುತ್ತದೆ. ಒದ್ದೆ ಸೀರೆ ಉಟ್ಟು ನಡುಗುತ್ತ, ‘ದೂರ, ದೂರ’ ಎನ್ನುತ್ತಲೇ ಪಾಪ, ಅವರ ಆಯುಷ್ಯವೆಲ್ಲ ಕಳೆಯಿತು. ಆ ಮಡಿಯನ್ನು ಮನೆಯಿಂದ ಆಚೆ ಕಳಿಸಲು ನಾನು ಪಟ್ಟ ಪಾಡು ಬೇರೆಯೇ ಕಥೆ. ಅಂಥ ನನ್ನೆದುರು ನಿಂತು, 2021ರ ಡಿಸೆಂಬರಿನಲ್ಲಿ, ನಮ್ಮ ಮಹಿಳಾ ಪತ್ತಿನ ಸಂಘಕ್ಕೆ ಹೊಸ ಸರ್ವರ್ ಕೂಡಿಸಲು ಬಂದ ಹುಡುಗ, ‘ಮೇಡಂ, ಇದು ಪ್ಯೂರ್ ಸಿಕ್ಸ್‌ಟಿಫೋರ್ ಬಿಟ್. ಹಳೇ ಥರ್ಟಿಟೂನ ಸೋಂಕೇ ಇಲ್ಲ’ ಎಂದ. ಸೋಂಕು! ಅದೇ ಶಬ್ದ.

ಮಾರನೆಯ ಬೆಳಿಗ್ಗೆ ಪಾಸ್‌ಬುಕ್ ಅಚ್ಚಾಗಲಿಲ್ಲ. ಅಚ್ಚು ಹಾಕುವ ಪ್ರೋಗ್ರಾಂ 2006ರಲ್ಲಿ ಯಾರೋ ಬರೆದುಕೊಟ್ಟದ್ದು. ಬರೆದವರು ಊರು ಬಿಟ್ಟು ಎಷ್ಟೋ ಕಾಲವಾಯಿತು, ಅದರ ಮೂಲ ಕೋಡೂ ನಮ್ಮಲ್ಲಿಲ್ಲ. ನಾನು ಕಮಾಂಡ್ ಕೊಟ್ಟರೆ ಲಿನಕ್ಸ್ ಹೇಳುತ್ತದೆ: ಅಂಥ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಅಲ್ಲ, ಫೈಲು ಕಣ್ಣೆದುರಿಗೇ ಇದೆ! ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಗಾತ್ರ ಕಾಣುತ್ತದೆ. ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಇಲ್ಲವೆಂದಿತು. ಇಲ್ಲದ್ದು ಆ ಫೈಲಲ್ಲ, ಅದನ್ನು ಎತ್ತಿ ಓಡಿಸಬೇಕಾದ ಮೂವತ್ತೆರಡು ಬಿಟ್‌ನ ಪುಟ್ಟ ಲೋಡರ್ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಎದುರಿಗೆ ಕುಳಿತವಳನ್ನೇ ‘ಯಾರೂ ಬಂದಿಲ್ಲ’ ಎನ್ನುವುದು ನಮ್ಮ ಕಚೇರಿಗಳಿಗೆ ಹೊಸದೇನಲ್ಲ ಅನ್ನಿ.

ಒಂಬತ್ತು ದಿನ ಹೀಗೇ ನಡೆಯಿತು. ಹೂ ಮಾರುವವರು, ಗಾರ್ಮೆಂಟ್ಸಿಗೆ ಹೋಗುವವರು ಬೆಂಚಿನ ಮೇಲೆ ಕುಳಿತು ಎದ್ದು ಹೋದರು. ದುಡ್ಡು ಕಟ್ಟಿದ್ದು ಪುಸ್ತಕದಲ್ಲಿ ಅಚ್ಚಾಗಿ ಕಾಣದಿದ್ದರೆ ಅವರು ಏನನ್ನು ನಂಬಬೇಕು? ‘ಅಕ್ಕಾ, ಮಿಷನ್ ಸರಿಹೋದ ಮೇಲೆ ಕಟ್ಟುತ್ತೀನಿ’ ಎಂದು ಒಬ್ಬಾಕೆ ಪಿಗ್ಮಿ ನಿಲ್ಲಿಸಿಯೇಬಿಟ್ಟಳು.

ಲೈಬ್ರರಿ ಎಂದರೆ ಇಲ್ಲಿ ಗ್ರಂಥಾಲಯವಲ್ಲ. ಡಬ್ಬಿಯಲ್ಲಿಟ್ಟ ಸಾರಿನ ಪುಡಿಯ ಹಾಗೆ, ಹತ್ತಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಸಾಮಗ್ರಿ. ಮೂವತ್ತೆರಡು ಬಿಟ್‌ನ ಪ್ರೋಗ್ರಾಂ ಒಂದು ಸಲಕ್ಕೆ 4 ಜಿಬಿಗಿಂತ ಹೆಚ್ಚು ಮೆಮೊರಿ ಎಣಿಸಲಾರದು. 2003ರಲ್ಲಿ ಎಎಂಡಿ ಕಂಪನಿ ಆಪ್ಟೆರಾನ್ ಎಂಬ ಅರವತ್ನಾಲ್ಕು ಬಿಟ್ ಚಿಪ್ ತಂದಾಗ, ಹಳೆಯ ಪ್ರೋಗ್ರಾಂಗಳೂ ಅದರ ಮೇಲೆ ಓಡುವಂತೆ ಮಾಡಿತ್ತು. ಆದರೆ ಹಳೆಯದಕ್ಕೆ ಹಳೆಯ ಡಬ್ಬಿಯೇ ಬೇಕು, ಹೊಸದಕ್ಕೆ ಹೊಸದೇ. ಒಂದರ ಪುಡಿ ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ಎರಡು ಶೆಲ್ಫು. ಎರಡನ್ನೂ ಇಟ್ಟರೆ ಮಿಶ್ರ, ಒಂದನ್ನೇ ಇಟ್ಟರೆ ಶುದ್ಧವಂತೆ.

ಹೊಸ ಹುಡುಗನನ್ನು ಬೈದೆ ಎಂದು ಮಿಶ್ರದವರ ಪಕ್ಷ ನನ್ನದೆಂದು ತಿಳಿಯಬೇಡಿ. ನಮ್ಮ ಹಳೆಯ ಸರ್ವರ್ ಸೆಂಟ್‌ಓಎಸ್ 6. ಅದಕ್ಕೆ 2020ರ ನವೆಂಬರಿಗೆ ದುರಸ್ತಿ ಬರುವುದು ನಿಂತಿತ್ತು. ಅದನ್ನು ಕೂಡಿಸಿದ ಮಹಾನುಭಾವರು ‘ಇರಲಿ, ಯಾವುದಕ್ಕಾದರೂ ಬೇಕಾದೀತು’ ಎಂದು ಸಿಕ್ಕಸಿಕ್ಕ ಮೂವತ್ತೆರಡರ ಲೈಬ್ರರಿಗಳನ್ನೆಲ್ಲ ತುಂಬಿದ್ದರು. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳನ್ನು ಅಟ್ಟಕ್ಕೇರಿಸಿದ ಹಾಗೆ. ಅಟ್ಟ ಗುಡಿಸುವವರು ಯಾರು? ಎರಡೂ ಶೆಲ್ಫಿನ ಒಂದೇ ಲೈಬ್ರರಿಯ ಆವೃತ್ತಿ ಒಂದೇ ಆಗಿರದಿದ್ದರೆ ಆ ಸರ್ವರ್ ಮುನಿಸಿಕೊಂಡು ಅಪ್‌ಡೇಟನ್ನೇ ನಿಲ್ಲಿಸುತ್ತಿತ್ತು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ತೂತು ಕಂಡಾಗ ಎರಡೂ ಕಡೆ ತೇಪೆ ಹಾಕಬೇಕಾಯಿತು. ರಾತ್ರಿ ಎಂಟರವರೆಗೆ ಕೂತು ಹಾಕಿದ್ದು ನಾನು, ಆ ಮಹಾನುಭಾವರಲ್ಲ.

ಸರ್ವರ್‌ನಲ್ಲಿ ಸಾಮಾನು ಕಡಿಮೆ ಇರಬೇಕು, ಇದನ್ನು ಒಪ್ಪಿದೆ. ಅದಕ್ಕೆ ‘ಕಡಿಮೆ’ ಎನ್ನಿ, ‘ಶುದ್ಧ’ ಎನ್ನಬೇಡಿ. ಕಡಿಮೆ ಮಾಡುವವರು ಮೊದಲು ‘ಇದನ್ನು ಯಾರು ಬಳಸುತ್ತಾರೆ?’ ಎಂದು ಕೇಳುತ್ತಾರೆ. ಮಡಿಯವರು ಕೇಳುವುದಿಲ್ಲ, ಎತ್ತಿ ಹೊರಗಿಡುತ್ತಾರೆ. 2019ರಲ್ಲಿ ಉಬುಂಟುವಿನವರು ಮೂವತ್ತೆರಡರ ಲೈಬ್ರರಿಗಳನ್ನು ಬಿಡುತ್ತೇವೆಂದು ಸಾರಿದಾಗ, ಕಂಪ್ಯೂಟರ್ ಆಟ ಆಡುವವರೂ ಅದನ್ನೇ ನಂಬಿದ್ದ ಇತರರೂ ಗಲಾಟೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಹಿಂದೆ ಸರಿದು ಬೇಕಾದಷ್ಟನ್ನು ಉಳಿಸಿಕೊಂಡಿತು. ನಮ್ಮ ಹೂ ಮಾರುವವಳು ಯಾರ ಬಾಗಿಲಲ್ಲಿ ಗಲಾಟೆ ಮಾಡಬೇಕಿತ್ತು?

ಕೊನೆಗೆ ಆ ಹುಡುಗನನ್ನೇ ಕೂರಿಸಿಕೊಂಡೆ. ಒಳ್ಳೆಯವನೇ, ಕೇಳುವ ಅಭ್ಯಾಸವಿಲ್ಲ ಅಷ್ಟೆ. ‘ಏನಪ್ಪಾ, ಇಡೀ ಮನೆಗೆ ಬೆರೆಸಬೇಡ, ಇವಳಿಗೊಂದು ಕೋಣೆ ಕೊಡು’ ಎಂದೆ. ಕಂಟೈನರ್ ಎಂಬ ಕೋಣೆಯಲ್ಲಿ ಆ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ನಾಲ್ಕಾರು ಲೈಬ್ರರಿಗಳನ್ನೂ ಇಟ್ಟ. ಆದರೆ ಕೋಣೆ ಬೇರೆಯಾದರೂ ಒಲೆ ಒಂದೇ: ಕರ್ನಲ್ ಸರ್ವರಿನದೇ, ಅದಕ್ಕೆ ಹಳೆಯ ಪ್ರೋಗ್ರಾಂ ಓಡಿಸಲು ಬರಬೇಕು. ನಮ್ಮ ಡೆಬಿಯನ್ 11ರ ಕರ್ನಲ್‌ಗೆ ಬರುತ್ತಿತ್ತು. ಹತ್ತನೆಯ ದಿನ ಪಾಸ್‌ಬುಕ್ ಅಚ್ಚಾಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡೆ. 2022ರ ಜೂನಿನಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ಹದಿನೆಂಟು ವರ್ಷದ ಠೇವಣಿ ತೆರೆದೆವು. ಮೊದಲ ಮಗುವಿನ ಪುಸ್ತಕ ಅಚ್ಚಾಗಿ ಬಂದಾಗ ಠೇವಣಿ ಮುಗಿಯುವ ವರ್ಷ 1904 ಎಂದಿತ್ತು! ತಾಯಿ ನಕ್ಕಳು, ನನಗೆ ನಗು ಬರಲಿಲ್ಲ. ಮೂವತ್ತೆರಡು ಬಿಟ್‌ನಲ್ಲಿ ಸೆಕೆಂಡುಗಳನ್ನು ಎಣಿಸುವ ಗಡಿಯಾರ 2038ರ ಜನವರಿ 19ಕ್ಕೆ ತುಂಬಿ, 1901ಕ್ಕೆ ಹಿಂದಿರುಗುತ್ತದೆ. ಯಾವ ಕೋಣೆಯಲ್ಲಿಟ್ಟರೂ ಈ ರೋಗ ವಾಸಿಯಾಗದು. ‘ಓಡುತ್ತಿದೆಯಲ್ಲ, ಮುಟ್ಟಬೇಡಿ’ ಎನ್ನುವವರೇ, ನಿಮ್ಮದೂ ಇನ್ನೊಂದು ಬಗೆಯ ಮಡಿಯೇ ಅಲ್ಲವೆ?

ಹೊಸ ಪ್ರೋಗ್ರಾಂ ಬರೆಸಲು ದುಡ್ಡು ಕೇಳಿ ಸಭೆಗೆ ಹೋದೆ. ಅಧ್ಯಕ್ಷಿಣಿಯ ಪಕ್ಕದಲ್ಲಿ ಅವರ ಯಜಮಾನರು (ಸದಸ್ಯರಲ್ಲ, ಆದರೂ ಇರುತ್ತಾರೆ) ‘ಲೈಬ್ರರಿಗೆಲ್ಲ ಇಷ್ಟು ಖರ್ಚೇಕೆ, ಪುಸ್ತಕ ಯಾರು ಓದುತ್ತಾರೆ?’ ಎಂದರು. ಆ 1904ರ ಪಾಸ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಮಂಜೂರಾಯಿತು.

ಹೊಸ ಪ್ರೋಗ್ರಾಂ 2023ರಿಂದ ಅರವತ್ನಾಲ್ಕರಲ್ಲೇ ಓಡುತ್ತಿದೆ. ಹಳೆಯ ಸಾಲದ ಖಾತೆಗಳು ಇನ್ನೂ ನಲವತ್ತೊಂದು ಆ ಕೋಣೆಯಲ್ಲಿವೆ. ಕೋಣೆಗೆ ಬೀಗ ಹಾಕೋಣವೆ ಎಂದು ಹುಡುಗ ಹೋದ ತಿಂಗಳು ಬಂದು ಕೇಳಿದ. ಈ ಸಲ ಕೇಳಿದ ನೋಡಿ. ನಲವತ್ತೊಂದು ಹೆಸರಿನ ಪಟ್ಟಿ ಅವನ ಕೈಗೆ ಕೊಟ್ಟು, ಒಂದೊಂದನ್ನೇ ಈಚೆಗೆ ತರಲು ಹೇಳಿದ್ದೇನೆ.